ಅಮಾವಾಸ್ಯೆಯ ಮರುದಿನದ ಹಳದಿ ದೀಪ

ನಮ್ಮ ಮನೆಗೆ ಬಂದ ಮೊದಲ ಕಾರು ಬೇರೆಯವರು ಓಡಿಸಿ ಬಿಟ್ಟದ್ದು. ಬಣ್ಣ ಬೂದಿ, ಹಿಂದಿನ ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ದುಡ್ಡು ನನ್ನ ಸಂಬಳದ್ದು, ಕಾಗದಪತ್ರ ಗಂಡನ ಹೆಸರಿನಲ್ಲಿ. ನನ್ನ ಹೆಸರಿಗೇ ಇರಲಿ ಎಂದು ಕೇಳಬಹುದು ಎನ್ನುವುದು ಆಗ ನನ್ನ ತಲೆಗೇ ಹೊಳೆಯಲಿಲ್ಲ. ಮನೆಗೆ ಬಂದದ್ದೆಲ್ಲ ಅವರ ಹೆಸರಿಗೇ ಆಗುತ್ತಿತ್ತು, ಇದೂ ಆಯಿತು. ಹೊಸ ಶತಮಾನ ಶುರುವಾಗಿ ಕೆಲವು ವರ್ಷವಾಗಿದ್ದ ಕಾಲ. ನಾನು ಕಮಲಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಕಲಬುರಗಿಯಲ್ಲಿ, ಜಗತ್ ಸರ್ಕಲ್ಲಿನ ಗದ್ದಲದಿಂದ ಒಳಗೆ ಸರಿದ ಒಂದು ಓಣಿಯಲ್ಲಿ.

ಕಾರು ಬರುವ ಮೊದಲು ದಿನಾ ಬೆಳಿಗ್ಗೆ ಬಸ್ಸು ನಿಲ್ಲುವ ಹುಮನಾಬಾದ್ ಬೇಸ್‌ನಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬಂದರೆ ಕಾಲಿಡಲು ಜಾಗವಿಲ್ಲ, ಬರದಿದ್ದರೆ ಜೀಪು. ಜೀಪಿನಲ್ಲಿ ಯಾರದೋ ಮೊಣಕೈ ನನ್ನ ಪಕ್ಕೆಲುಬಿಗೆ, ನನ್ನ ಊಟದ ಡಬ್ಬಿ ಇನ್ಯಾರದೋ ಮೊಣಕಾಲಿಗೆ. ಸಂಜೆ ಮನೆ ಸೇರುವಷ್ಟರಲ್ಲಿ ನಾನು ಹಿಂಡಿದ ಬಟ್ಟೆಯಾಗಿರುತ್ತಿದ್ದೆ. ಒಂದು ದಿನ ತಡವಾಗಿ ಬಂದಾಗ ಗಂಡ, ಇಷ್ಟು ತ್ರಾಸಾಗುವುದಾದರೆ ನೌಕರಿ ಬಿಟ್ಟರೂ ನಡೆಯುತ್ತದೆ ಎಂದರು. ಕಾಳಜಿಯಿಂದಲೇ ಅಂದದ್ದು, ಇರಬಹುದು. ಆದರೆ ಆ ಮಾತು ಮನೆಯಲ್ಲಿ ಒಮ್ಮೆ ಹುಟ್ಟಿದ ಮೇಲೆ ಹೊರಗೆ ಹೋಗಲೇ ಇಲ್ಲ. ನನ್ನ ಸೊಂಟ ನೋಯುವಂತಿಲ್ಲ, ಬಸ್ಸು ತಪ್ಪುವಂತಿಲ್ಲ. ಹಾಗೇನಾದರೂ ಆದರೆ ಆ ಮಾತು ಎದ್ದು ಕೂರುತ್ತಿತ್ತು. ಅದಕ್ಕೇ ನಾನು ಹಟಕ್ಕೆ ಬಿದ್ದು ಡ್ರೈವಿಂಗ್ ಕಲಿತೆ, ಕಾರು ಕೊಂಡೆ. ಆ ಕಾರು ಇದ್ದರೆ ನನ್ನ ನೌಕರಿ ಇತ್ತು. ಅಷ್ಟೇ ವಿಷಯ.

ಗಂಡನೂ ಕಲಿಯಲು ಹೊರಟಿದ್ದರು. ಎರಡನೆಯ ದಿನವೇ ರಿವರ್ಸ್ ಹಾಕಿ ಎದುರು ಮನೆಯ ಕಟ್ಟೆಗೆ ಗುದ್ದಿದರು. ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದವರು ಪೇಪರ್ ಮಡಿಚದೆಯೇ ಒಂದು ನಗೆ ನಕ್ಕರು. ಅವತ್ತೇ ಕೊನೆ, ಇವರು ಸ್ಟಿಯರಿಂಗ್ ಮುಟ್ಟಲಿಲ್ಲ. ನಂದೂರಿನ ಒಂದು ಬೇಳೆ ಗಿರಣಿಯಲ್ಲಿ ಮೇಲ್ವಿಚಾರಕರಾಗಿದ್ದ ಅವರು ಸೈಕಲ್ ಮೋಟಾರಿನ ಮೇಲೆ ಹೋಗುತ್ತಿದ್ದರು. ಹೆಂಡತಿ ಕಾರಿನಲ್ಲಿ, ಗಂಡ ಬಿಸಿಲಿನಲ್ಲಿ ಎಂದು ಗಿರಣಿಯವರು ಚೇಷ್ಟೆ ಮಾಡುತ್ತಾರೆಂದು ನಗುತ್ತಲೇ ಹೇಳುತ್ತಿದ್ದರು. ಆ ನಗೆ ನನಗೆ ಯಾವತ್ತೂ ಸರಿಬರಲಿಲ್ಲ.

ದೀಪ ಮೊದಲ ಸಲ ಹತ್ತಿದ್ದು ಮಹಾಗಾಂವ್ ಕ್ರಾಸ್ ದಾಟಿದ ಮೇಲೆ. ಸ್ಪೀಡು ತೋರಿಸುವ ಮುಳ್ಳಿನ ಕೆಳಗೆ, ಎಂಜಿನ್ನಿನ ಆಕಾರದ ಪುಟ್ಟ ಹಳದಿ ಚಿತ್ರ. ಅಲ್ಲಿ ಅಂಥದೊಂದು ದೀಪ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಕಾರು ಒಮ್ಮೆ ಮುಗ್ಗರಿಸಿತು, ಆಮೇಲೆ ಎಷ್ಟು ಒತ್ತಿದರೂ ಮುದಿ ಎತ್ತಿನ ಹಾಗೆ ತನ್ನದೇ ನಡಿಗೆಯಲ್ಲಿ ನಡೆಯಿತು. ತೊಗರಿ ಹೊಲದ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಎತ್ತಿ ಏನು ನೋಡಬೇಕೆಂದು ಗೊತ್ತಿಲ್ಲ. ಲಾರಿಗಳು ಮೈಮೇಲೆ ಧೂಳು ಸುರಿದು ಹೋಗುತ್ತಿದ್ದವು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದಿಷ್ಟು ಹೊತ್ತು ಎಂಜಿನ್ನನ್ನೇ ನೋಡುತ್ತ ನಿಂತು, ಮತ್ತೆ ಒಳಗೆ ಕೂತು, ಆ ದೀಪದ ಮುಂದೆಯೇ ಶಾಲೆಯವರೆಗೆ ಓಡಿಸಿದೆ. ಕಾರಿನಲ್ಲಿ ನಾನೊಬ್ಬಳೇ ಇರುವ ಆ ಒಂದು ತಾಸು ನನ್ನದಾಗಿತ್ತು. ಅವತ್ತಿನಿಂದ ಅದರಲ್ಲಿ ಇನ್ನೊಂದು ಕಣ್ಣು ಬಂದು ಕೂತಿತು.

ಶನಿವಾರ ಮಧ್ಯಾಹ್ನ ರಿಂಗ್ ರೋಡಿನ ಮೆಕ್ಯಾನಿಕ್ ಹತ್ತಿರ ಒಯ್ದೆ. ಒಳ್ಳೆಯ ಮನುಷ್ಯ, ಹಳೆಯ ಗಾಡಿಗಳಲ್ಲಿ ಪಳಗಿದ ಕೈ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ಚಹಾ ಕುಡಿದು, ಮತ್ತೆ ಜೋಡಿಸಿದರು. ದೀಪ ಇರಲಿಲ್ಲ. “ಹೋಗ್ಯಾದ ನೋಡ್ರಿ ಮೇಡಮ್, ಇನ್ನ ಫಿಕರ್ ಮಾಡಬ್ಯಾಡ್ರಿ” ಎಂದರು. ನಾನು ಫಿಕರ್ ಬಿಟ್ಟೆ. ಒಂದು ತಿಂಗಳು ಹಾಯಾಗಿದ್ದೆ. ಆಮೇಲೆ ಮತ್ತೆ ಹತ್ತಿತು.

ಆ ಸಲ ಅವರು ಪ್ಲಗ್ಗುಗಳನ್ನು ಬದಲಿಸಿದರು. ಮುಂದಿನ ಸಲ ಪೆಟ್ರೋಲ್ ಕಲಬೆರಕೆ ಎಂದರು, ನಾನು ಬಂಕ್ ಬದಲಿಸಿದೆ. ಅದಕ್ಕೂ ಮುಂದಿನ ಸಲ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಯೋಚನೆ ಮಾಡಿ, ಇದು ಸೆನ್ಸರ್‌ಗಳ ಗಾಡಿ, ಕಂಪ್ಯೂಟರ್ ಇದ್ದವರಿಗೆ ತೋರಿಸಿ ಎಂದು ಕೈ ಮುಗಿದರು. ಪ್ರತಿ ಸಲವೂ ದೀಪ ಕೆಲವು ದಿನ ಉರಿದು, ತಾನಾಗಿ ಆರಿ, ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಮನೆಯಲ್ಲಿ ಮಾತು ಹೊಸ ರೂಪ ತಾಳಿತು.

“ತಿಂಗಳಿಗೊಮ್ಮೆ ಕೈ ಕೊಡೋ ಗಾಡಿ ಯಾಕ ಇಟ್ಕೋಬೇಕು? ಗಿರಾಕಿ ಸಿಕ್ರ ಕೊಟ್ಟು ಬಿಡೋಣ” ಎಂದು ಗಂಡ ಊಟದ ತಾಟಿನ ಮುಂದೆ ಹೇಳಿದರು.

ಹೇಳಿ ಸುಮ್ಮನಾಗಲಿಲ್ಲ, ಗಿರಾಕಿಗಳನ್ನು ಕರೆದೂ ತಂದರು. ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯವರೊಬ್ಬರು, ಆಮೇಲೆ ಗಿರಣಿಗೆ ತೊಗರಿ ತರುವ ವ್ಯಾಪಾರಿಯೊಬ್ಬರು. ಇಬ್ಬರೂ ಟೈರು ಒದ್ದು ನೋಡಿದರು, ಬಾಗಿಲು ಬಡಿದು ನೋಡಿದರು, ಚಾವಿ ತಿರುಗಿಸಿ ಹಳದಿ ದೀಪ ನೋಡಿದರು, ಆಮೇಲೆ ತಿಳಿಸುತ್ತೇವೆ ಎಂದು ಹೋದರು. ಕನ್ಯೆ ನೋಡಲು ಬಂದು ಉಪ್ಪಿಟ್ಟು ತಿಂದು ಹೋದವರ ಹಾಗೆ ಮತ್ತೆ ಸುದ್ದಿ ಇಲ್ಲ. ನನಗೆ ಅವಮಾನವಾಗುತ್ತಿತ್ತು. ದೀಪ ಇರುವುದರಿಂದಲೇ ಇವರು ಮಾರಲು ಹೊರಟಿದ್ದಾರೆ, ದೀಪ ಆರಿಸಿದರೆ ಕಾರು ಉಳಿಯುತ್ತದೆ ಎಂದು ನಾನು ನಂಬಿದ್ದೆ. ಎಷ್ಟು ನಂಬಿದ್ದೆನೆಂದರೆ ಕನಸಿನಲ್ಲೂ ಆ ದೀಪವನ್ನು ಊದಿ ಆರಿಸಲು ನೋಡುತ್ತಿದ್ದೆ.

ಕಂಪ್ಯೂಟರ್ ಇದ್ದ ದೊಡ್ಡ ಗ್ಯಾರೇಜಿನಲ್ಲಿ ಪಾಳಿ ಬರುವಷ್ಟರಲ್ಲಿ ದೀಪ ಆರಿತ್ತು. ಡಾಕ್ಟರ ಮುಂದೆ ಹೋದ ಕೂಡಲೇ ಜ್ವರ ಇಳಿಯುತ್ತದಲ್ಲ, ಹಾಗೆ. ಆದರೂ ಅಲ್ಲಿನವರು ತಂತಿ ಚುಚ್ಚಿ ನೋಡಿದರು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಒಂದು ಸೆನ್ಸರ್ ಆಗಾಗ ದೂರು ಕೊಟ್ಟ ಗುರುತು ಒಳಗೆ ಉಳಿದಿದೆಯಂತೆ. ಸೆನ್ಸರ್ ಕೆಟ್ಟಿಲ್ಲ, ಅದರ ಸಾಕೆಟ್ಟಿಗೆ ಎಲ್ಲಿಂದಲೋ ತೇವ ಹೋಗುತ್ತದೆ, ಮಳೆಯಲ್ಲಿ ಹುಷಾರಾಗಿ ಓಡಿಸಿ ಎಂದರು. ಸಾಕೆಟ್ ಯಾವುದೆಂದು ಬೆರಳಿಟ್ಟು ತೋರಿಸಿದರು. ಬ್ಯಾಟರಿಯ ಬಲಕ್ಕೆ, ದಪ್ಪ ಕಪ್ಪು ಕೊಳವೆಯ ಮೇಲೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ನಾನು ಹೊರಗೆ ಬಂದು ನಿಂತೆ. ಕಲಬುರಗಿಯ ಬೇಸಿಗೆ, ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮಳೆಯ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಗಟಿನ ಅರ್ಧ ಬಿಡಿಸಿದ್ದು ನನ್ನ ಅತ್ತೆ. ಅವರು ನಮ್ಮ ಜೊತೆಗೇ ಇದ್ದರು. ಮಾತು ಕಡಿಮೆ, ಕಣ್ಣು ಚುರುಕು. ಒಂದು ಸಂಜೆ ಜೋಳದ ಹಿಟ್ಟು ನಾದುತ್ತ ಕೂತವರು ತಲೆ ಎತ್ತದೆಯೇ ಹೇಳಿದರು.

“ಈ ದೀಪ ಸುಮ್ನ ಹತ್ತಲ್ಲ. ಪ್ರತಿ ಅಮಾಸಿ ಮರುದಿನಾನೇ ಹತ್ತತದ. ನೀ ಲಕ್ಷ್ಯ ಕೊಟ್ಟಿಲ್ಲ.”

ಗಾಡಿಗೆ ಏನೋ ತಾಗಿದೆ, ಒಬ್ಬಳೇ ಹೆಣ್ಣುಮಗಳು ಓಡಿಸುವುದು ಎಲ್ಲರ ಕಣ್ಣಿಗೆ ಬೀಳುತ್ತದೆ ಎಂದು ಅವರ ತರ್ಕ. ನಾನು ಗೋಡೆಯ ಕ್ಯಾಲೆಂಡರ್ ನೋಡಿ ಹಿಂದಿನ ತಿಂಗಳುಗಳನ್ನು ನೆನಪಿಸಿಕೊಂಡೆ. ಅವರು ಹೇಳಿದ್ದು ನಿಜವಾಗಿತ್ತು. ವಿಜ್ಞಾನ ಕಲಿಸುವ ನನಗೆ ಕಾಣದ್ದು ಅವರಿಗೆ ಒಲೆಯ ಮುಂದೆಯೇ ಕಂಡಿತ್ತು. ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಗಂಡನ ಕಿವಿಗೂ ಅದು ಬಿತ್ತು. ಅವರು ಮುಂದಿನ ಅಮಾವಾಸ್ಯೆಗೆ ಪೂಜೆ ಜೋರಾಗಿಯೇ ಮಾಡೋಣ, ಒಂದರ ಬದಲು ಎರಡು ಕಾಯಿ ಒಡೆಯೋಣ ಎಂದರು.

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಲಾರಿಯಿಂದ ಹಿಡಿದು ತಳ್ಳುಗಾಡಿಯವರೆಗೆ ಗಾಲಿ ಇದ್ದದ್ದಕ್ಕೆಲ್ಲ ಪೂಜೆ. ತೊಳೆದು, ಹೂ ಹಾಕಿ, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವುದು. ಸಾಮಾನ್ಯವಾಗಿ ಕಾಯಿ ನೀರು ಗಾಲಿಯ ಮುಂದೆ ಬೀಳುತ್ತದೆ. ಆದರೆ ಗಂಡನ ಗಿರಣಿಯಲ್ಲಿ ಬೇರೆ ರೂಢಿ. ಅಮಾವಾಸ್ಯೆಯ ದಿನ ಯಂತ್ರಗಳನ್ನು ನಿಲ್ಲಿಸಿ, ಮೈ ತೊಳೆದು, ಕಾಯಿ ಒಡೆದು ನೀರನ್ನು ಎಂಜಿನ್ನಿನ ಮೇಲೆಯೇ ಸುರಿಯುತ್ತಾರೆ. ತಿಂಗಳಿಡೀ ದುಡಿದದ್ದಕ್ಕೆ ಮೊದಲ ಗುಟುಕು ಅದಕ್ಕೆ ಸಲ್ಲಬೇಕು ಎಂದು. ಓಡಿಸಲು ಬಾರದ ಕಾರಿಗೆ ಗಂಡ ಮಾಡುತ್ತಿದ್ದ ಏಕೈಕ ಸೇವೆ ಅದು. ಸಂಜೆ ಗಿರಣಿಯಿಂದ ಬಂದು, ಪ್ಯಾಂಟು ಮಡಿಚಿ, ಬಾನೆಟ್ ಎತ್ತಿ, ಮನಸಾರೆ ಮಾಡುತ್ತಿದ್ದರು. ಅಷ್ಟು ಹೊತ್ತು ಕಾರು ಅವರದಾಗಿರುತ್ತಿತ್ತು.

ಆ ಅಮಾವಾಸ್ಯೆಯ ಸಂಜೆ ನಾನು ಊದುಬತ್ತಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಎರಡು ಕಾಯಿಗಳ ನೀರು ಬ್ಯಾಟರಿಯ ಬಲಕ್ಕೆ, ದಪ್ಪ ಕಪ್ಪು ಕೊಳವೆಯ ಮೇಲೆ ಸುರಿದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸಾಕೆಟ್ಟಿನೊಳಗೆ ಇಳಿದದ್ದನ್ನು ಕಣ್ಣಾರೆ ನೋಡಿದೆ. ಬಾಯಿ ತೆರೆದೆ. ಕರ್ಪೂರ ಉರಿಯುತ್ತಿತ್ತು, ಅತ್ತೆ ಕಣ್ಣು ಮುಚ್ಚಿದ್ದರು, ಓಣಿಯ ಮಂದಿ ಸುತ್ತ ನಿಂತಿದ್ದರು. ಬಾಯಿ ಮುಚ್ಚಿದೆ.

ಮರುದಿನ ದೀಪ ಹತ್ತಿತು. ಶಾಲೆ ಮುಟ್ಟಿದವಳೇ ಬಾನೆಟ್ ಎತ್ತಿ ಸಾಕೆಟ್ ಕಿತ್ತು ನೋಡಿದೆ. ಒಳಗೆ ಇರುವೆಗಳು. ಸಿಹಿಗೆ ಬಂದ ಸಣ್ಣ ಕೆಂಪು ಇರುವೆಗಳು, ಹಿತ್ತಾಳೆಯ ಮುಳ್ಳುಗಳ ಮೇಲೆಲ್ಲ ಹಳೆಯ ಕಾಯಿ ನೀರಿನ ಜಿಗಟು, ಅಂಚಿಗೆ ಕುಂಕುಮ. ಇಷ್ಟು ತಿಂಗಳು ನನ್ನನ್ನು ಹೆದರಿಸಿದ್ದು ಇದೇ. ನಾನು ಒಬ್ಬಳೇ ನಕ್ಕೆ, ಎಷ್ಟೋ ದಿನಗಳ ಮೇಲೆ. ಪ್ರಯೋಗಶಾಲೆಯಿಂದ ಸ್ಪಿರಿಟ್ಟು ತಂದು, ಹತ್ತಿಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ ಜೋಡಿಸಿದೆ. ಒಂದೆರಡು ದಿನದಲ್ಲಿ ದೀಪ ಆರಿತು.

ಇದನ್ನು ಗಂಡನಿಗೆ ಹೇಳಲು ಮಾತುಗಳನ್ನು ಜೋಡಿಸಿಕೊಂಡು ಹೋದೆ. ತಪ್ಪು ಅವರದೆಂದು ಅನಿಸಬಾರದು, ಪೂಜೆಯನ್ನು ಜರೆದಂತಾಗಬಾರದು. ಏನು ಜೋಡಿಸಿದರೂ ಕೊನೆಗೆ ಅದೇ ಆಯಿತು. “ನಮ್ಮ ಗಿರಣಿ ಎಂಜಿನ್ನು ನಾ ಸೇರಿದಾಗಿಂದ ಕಾಯಿ ನೀರ ಕುಡ್ಯಾಕತ್ತದ. ಒಂದ ದಿನ ಕೆಮ್ಮಿಲ್ಲ” ಎಂದು ನಕ್ಕುಬಿಟ್ಟರು. ಅದು ಹಳೆಯ ಡೀಸೆಲ್ ಎಂಜಿನ್ನು, ಅದಕ್ಕೆ ಸೆನ್ಸರ್ ಇರುವುದಿಲ್ಲ ಎಂದೆ. ನಿನಗೆ ಪಾಠ ಮಾಡಿ ಮಾಡಿ ಎಲ್ಲರೂ ವಿದ್ಯಾರ್ಥಿಗಳಂತೆ ಕಾಣುತ್ತಾರೆ ಎಂದರು. ಅಲ್ಲಿಗೆ ಮುಗಿಯಿತು. ಅತ್ತೆ ಬಾಗಿಲ ಬಳಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡರು.

ಮುಂದಿನ ಅಮಾವಾಸ್ಯೆಗೆ ನಂಟರಲ್ಲಿ ಯಾರೋ ತೀರಿಕೊಂಡು ನಮಗೆ ಸೂತಕ ಬಂತು. ಪೂಜೆ ಇಲ್ಲ, ಕಾಯಿ ಇಲ್ಲ. ಮರುದಿನ ನಾನು ಚಾವಿ ತಿರುಗಿಸುವಾಗ ಕೈ ಬೆವರಿತ್ತು. ದೀಪ ಬರಲಿಲ್ಲ. ಮಹಾಗಾಂವ್ ಕ್ರಾಸ್ ದಾಟಿತು, ಬರಲಿಲ್ಲ. ಆ ದಾರಿಯಲ್ಲಿ ನಾನು ಜೋರಾಗಿ ಹಾಡಿಕೊಂಡೆ. ಕೇಳುವವರು ಯಾರೂ ಇಲ್ಲದ್ದು ಒಳ್ಳೆಯದೇ ಆಯಿತು.

ಆ ಶನಿವಾರ ಅತ್ತೆ ತಾವೂ ಕಮಲಾಪುರಕ್ಕೆ ಬರುತ್ತೇನೆ ಎಂದರು. ಅವರು ನನ್ನ ಕಾರಿನಲ್ಲಿ ಅಲ್ಲಿಯವರೆಗೆ ಕೂತಿರಲಿಲ್ಲ. ಹಿಂದಿನ ಬಾಗಿಲಿಗೆ ಹೋದವರನ್ನು, ಅದು ತೆರೆಯುವುದಿಲ್ಲವೆಂದು ಮುಂದೆ ಕೂರಿಸಿದೆ. ಊರು ದಾಟುವವರೆಗೆ ಸೆರಗು ಬಿಗಿಹಿಡಿದು ಕೂತಿದ್ದರು. ಆಮೇಲೆ ಗಾಜು ಇಳಿಸಲು ಹೇಳಿದರು, ಗಾಳಿಗೆ ಮುಖ ಕೊಟ್ಟರು.

“ಮುಂದ ಕುಂತ್ರ ದಾರಿ ಕಾಣ್ತದ. ಇಷ್ಟ ದಿನ ಹಿಂದ ಕುಂತು ಮಂದಿ ಬೆನ್ನ ನೋಡೀನಿ” ಎಂದರು.

ನಾನು ಗೇರ್ ಬದಲಿಸಿದೆ. ಶಾಲೆ ಮುಗಿಯುವವರೆಗೆ ಅವರು ಬೇವಿನ ನೆರಳಿನಲ್ಲಿ ಕೂತು ಅಡುಗೆಯವರ ಜೊತೆ ಮಾತಾಡಿದರು. ಬರುವಾಗ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಅಲ್ಲಿಂದ ಹೊರಡುವ ಮೊದಲು ನಾನು ರೇಡಿಯೇಟರಿನ ನೀರು ನೋಡಲು ಬಾನೆಟ್ ಎತ್ತಿದಾಗ ಪಕ್ಕಕ್ಕೆ ಬಂದು, ಕಾಯಿ ನೀರು ಎಲ್ಲಿ ಬೀಳುತ್ತಿತ್ತು ತೋರಿಸು ಎಂದರು. ನಾನು ಬೆರಳಿಟ್ಟು ತೋರಿಸಿದೆ. ಇನ್ನು ಮುಂದೆ ಅಲ್ಲಿ ಬೀಳದ ಹಾಗೆ ಮಗನಿಗೆ ಹೇಳುತ್ತಾರೇನೋ ಎಂದು ನನ್ನ ಆಸೆ. ಅವರು ಸಾಕೆಟ್ಟನ್ನು ಚೆನ್ನಾಗಿ ನೋಡಿ, ಹ್ಞೂಂ ಎಂದಷ್ಟೇ ಅಂದು ಹೋಗಿ ಕೂತರು.

ಅವತ್ತು ಸಂಜೆ ಗಂಡ ಬಹಳ ಖುಷಿಯಲ್ಲಿ ಬಂದರು. ಕಾರು ಒಂದು ತಿಂಗಳಿನಿಂದ ಸರಿ ಇದೆಯಲ್ಲ ಎಂದು ಕೇಳಿದರು. ಸರಿ ಇದೆ, ದೀಪವೇ ಇಲ್ಲ ಎಂದೆ ನಾನು, ಗೆದ್ದವಳ ಹಾಗೆ.

“ಹಂಗಾರ ಈಗ ಮಾರಿದ್ರ ಚಲೋ. ಆ ತೊಗರಿ ವ್ಯಾಪಾರಿ ನಾಳಿ ಬರ್ತಾನ. ದೀಪ ಇಲ್ಲಂದ್ರ ತೊಗೋತೀನಿ ಅಂದಾನ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಸರಿಯಾದ ಮೇಲೆ ಯಾಕೆ ಮಾರಬೇಕು ಎಂದೆ. ಕೆಟ್ಟಾಗ ಯಾರು ಕೊಳ್ಳುತ್ತಾರೆ ಎಂದರು. ಹಾಗಾದರೆ ನಾನು ಹೇಗೆ ಹೋಗಲಿ ಎಂದೆ. ಮೊದಲು ಹೇಗೆ ಹೋಗುತ್ತಿದ್ದೆ ಹಾಗೆ, ಇಲ್ಲವಾದರೆ ನೌಕರಿಯ ವಿಚಾರ ಮಾಡೋಣ ಎಂದರು. ದನಿಯಲ್ಲಿ ಸಿಟ್ಟಿಲ್ಲ, ಗೋಡೆಗೆ ಬಣ್ಣ ಯಾವುದು ಎಂದು ಕೇಳಿದ ಹಾಗಿತ್ತು. ಆಗ ನನ್ನ ಕಣ್ಣಿಗೆ ಎಲ್ಲ ಬಿತ್ತು. ಇಷ್ಟು ತಿಂಗಳು ನಾನು ಹಗಲಿರುಳು ಬೈದ ಆ ಹಳದಿ ದೀಪವೇ ಬಂದ ಗಿರಾಕಿಗಳನ್ನೆಲ್ಲ ಬಾಗಿಲಿನಿಂದಲೇ ಹೊರಗೆ ಕಳಿಸಿತ್ತು. ನನ್ನ ಕಾರನ್ನು ಕಾಯುತ್ತಿದ್ದದ್ದು ಅದೊಂದೇ. ಅದನ್ನು ನಾನೇ ಸ್ಪಿರಿಟ್ಟು ಹಚ್ಚಿ, ಹತ್ತಿಯಿಂದ ಒರೆಸಿ, ಆರಿಸಿ ಬಂದಿದ್ದೆ.

ಕಾಗದದಲ್ಲಿ ನನ್ನ ಹೆಸರಿಲ್ಲ. ಜಗಳ ಮಾಡಿದರೆ ಗೆಲ್ಲುವುದಿಲ್ಲ, ಅತ್ತರೆ ನಾಳೆ ಇದೇ ಮಾತು ಓಣಿಯಲ್ಲಿ. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಕಿಟಕಿಯಿಂದ ಕಾರು ಕಾಣುತ್ತಿತ್ತು. ಸೋಮವಾರ ಬೆಳಿಗ್ಗೆ ಹುಮನಾಬಾದ್ ಬೇಸ್‌ನಲ್ಲಿ ಡಬ್ಬಿ ಹಿಡಿದು ನಿಂತ ನನ್ನನ್ನು ನಾನೇ ನೋಡಿದೆ.

ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಮನೆ ಬಿಟ್ಟು ಹೋಗುವ ಗಾಡಿಯನ್ನು ಹಾಗೇ ಕಳಿಸಬಾರದು, ಸೂತಕ ಕಳೆದಿದೆ, ಅಮಾವಾಸ್ಯೆಗೆ ತಪ್ಪಿದ ಪೂಜೆಯೂ ಆಗಲಿ ಎಂದರು. ಗಂಡನಿಗೆ ಸಂತೋಷವಾಯಿತು, ತಾವೇ ಬಾನೆಟ್ ಎತ್ತಿ ಕೊಟ್ಟರು. ಕಾಯಿ ಒಡೆಯಲು ಕೈ ಚಾಚಿದಾಗ ಅತ್ತೆ ಕೊಡಲಿಲ್ಲ. ಇವತ್ತು ನಾನೇ ಒಡೆಯುತ್ತೇನೆ ಎಂದು ಕಲ್ಲಿಗೆ ಬಡಿದರು. ಹೋಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಎಂಜಿನ್ನಿನ ಮೇಲೆ ಬಗ್ಗಿದರು. ಗಾಲಿಯ ಕಡೆ ನೋಡಲಿಲ್ಲ, ಬ್ಯಾಟರಿಯ ಎಡಕ್ಕೂ ಹೋಗಲಿಲ್ಲ. ಅವರ ಕೈ ಎಲ್ಲಿಗೆ ಹೋಯಿತೆಂದು ನನಗೊಬ್ಬಳಿಗೇ ಗೊತ್ತು. ನಿಧಾನವಾಗಿ, ಒಂದು ಹನಿಯೂ ಆಚೀಚೆ ಬೀಳದಂತೆ, ಎರಡೂ ಹೋಳು ಬರಿದು ಮಾಡಿದರು.

ವ್ಯಾಪಾರಿ ಬಂದರು. ಟೈರು ಒದ್ದು, ಬಾಗಿಲು ಬಡಿದು, ಚಾವಿ ತಿರುಗಿಸಿದರು. ಮೊದಲು ಎಲ್ಲ ದೀಪಗಳೂ ಹತ್ತಿದವು. ಎಂಜಿನ್ ಶುರುವಾದ ಕೂಡಲೇ ಒಂದೊಂದೇ ಆರಿದವು. ಹಳದಿಯದು ಆರಲಿಲ್ಲ. ಇನ್ನೊಮ್ಮೆ ಬಂದ್ ಮಾಡಿ ತಿರುಗಿಸಿದರು, ಎಂಜಿನ್ ಕೆಮ್ಮಿತು, ದೀಪ ಹಾಗೇ ಇತ್ತು. ನಿನ್ನೆಯವರೆಗೆ ಇರಲಿಲ್ಲ ಎಂದು ಗಂಡ ಆಣೆ ಹಾಕಿದರು. ವ್ಯಾಪಾರಿ ನಂಬಿದ ಹಾಗೆ ತಲೆಯಾಡಿಸಿ, ಆಮೇಲೆ ತಿಳಿಸುತ್ತೇನೆ ಎಂದರು. ಅತ್ತೆ ಅವರ ಕೈಗೂ ಒಂದು ಚೂರು ಕೊಬ್ಬರಿ, ಒಂದು ಕೆಂಪು ಬಾಳೆಹಣ್ಣು ಪ್ರಸಾದವೆಂದು ಕೊಟ್ಟು ಕಳಿಸಿದರು.

ಒಳಗೆ ಬಂದ ಅತ್ತೆಯ ಕಾಲು ಮುಟ್ಟಬೇಕೆನಿಸಿತು. ಅವರು ಅವಕಾಶ ಕೊಡಲಿಲ್ಲ, ಒಲೆಯ ಮುಂದೆ ಕೂತು ಹಿಟ್ಟು ಎಳೆದುಕೊಂಡರು. ಬರುವ ಶನಿವಾರವೂ ಅರ್ಧ ದಿನದ ಶಾಲೆಯೇ ಅಲ್ಲವೇ ಎಂದು ಕೇಳಿದರು. ಹೌದೆಂದೆ.

ಆ ಕಾರನ್ನು ಆಮೇಲೆ ನಾನು ವರ್ಷಗಟ್ಟಲೆ ಓಡಿಸಿದೆ. ಗಂಡ ಗಿರಾಕಿಗಳನ್ನು ತರುವುದು ನಿಲ್ಲಿಸಲಿಲ್ಲ, ಗಾಡಿಗೆ ಹಿಡಿದದ್ದು ಏನೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ. ನಾನು ಮುಗ್ಗರಿಸುವ ಗಾಡಿಯಲ್ಲಿ, ಕೆಟ್ಟರೆ ನೌಕರಿ ಬಿಡು, ಸರಿಯಾದರೆ ಗಾಡಿ ಮಾರು ಎನ್ನುವ ಎರಡು ಮಾತಿನ ನಡುವೆ ಸಿಕ್ಕಿಕೊಂಡವಳ ಹಾಗೆ, ಲಾರಿಗಳಿಗೆ ದಾರಿ ಬಿಡುತ್ತ ಹೋಗಿಬರುತ್ತಿದ್ದೆ. ಹಳದಿ ದೀಪ ಉರಿಯುವಷ್ಟು ದಿನ ನಿಶ್ಚಿಂತೆ. ಒಮ್ಮೊಮ್ಮೆ ಬಿಸಿಲಿಗೆ ಸಾಕೆಟ್ ಒಣಗಿ ದೀಪ ಆರುತ್ತಿತ್ತು. ಅವತ್ತು ನನ್ನ ಕೈ ಬೆವರುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ಹೋಗಿ ಹೇಳುತ್ತಿದ್ದೆ.

“ಅತ್ತೀ, ದೀಪ ಆರ್ಯಾದ್ರಿ.”

ಅವರು ಎದ್ದು, ಗೋಡೆಯ ಮಾಡದಿಂದ ಒಂದು ತೆಂಗಿನಕಾಯಿ ತೆಗೆದು ಕಿವಿಯ ಬಳಿ ಹಿಡಿದು, ನೀರು ಇದೆಯೋ ಇಲ್ಲವೋ ಎಂದು ಅಲ್ಲಾಡಿಸಿ ನೋಡುತ್ತಿದ್ದರು.